ಕೊಡಗಿನಿಂದ ಸರ್ಫಿಂಗ್‌ಗೆ ಹೊರಟವರಿಗೆ: ಊರಿಗಿಂತ ಮೊದಲು ತಿಂಗಳು ಆರಿಸಿ

ಪ್ರಶ್ನೆ: ನಾನು ನಾಪೋಕ್ಲು ಹತ್ತಿರದ ತೋಟದ ಮನೆಯವಳು. ವಯಸ್ಸು 39. ಮಗಳಿಗೆ 13. ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ನೋಡಿದಾಗಿನಿಂದ ಕಲಿಯಲೇಬೇಕು ಅಂತ ಅವಳು ಹಟ ಹಿಡಿದಿದ್ದಾಳೆ. ನನಗೂ ಆಸೆ ಇದೆ. ಮೇ ಕೊನೆಯ ವಾರ ನಾಲ್ಕು ದಿನ ಬಿಡುವು ಮಾಡಿಕೊಂಡು ಮುಲ್ಕಿ, ಮಲ್ಪೆ, ಮುರುಡೇಶ್ವರ, ಗೋಕರ್ಣ ಹೀಗೆ ದಿನಕ್ಕೊಂದು ಕಡೆ ಹೋಗೋಣ ಅಂದುಕೊಂಡಿದ್ದೇವೆ. ಮಗಳಿಗೆ ಈಜು ಬರುತ್ತದೆ. ನನಗೆ ಅಷ್ಟಕ್ಕಷ್ಟೆ. ಯಜಮಾನರು ನೀರಿಗೆ ಇಳಿಯುವುದಿಲ್ಲ. ಬೋರ್ಡ್ ಮೊದಲೇ ಕೊಂಡುಕೊಳ್ಳಬೇಕಾ? ಹೇಗೆ ತಯಾರಾಗಬೇಕು?

ಉತ್ತರ: ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಮೇ ಕೊನೆಯ ವಾರ ಬೇಡ. ನಾಲ್ಕು ದಿನಕ್ಕೆ ನಾಲ್ಕು ಊರೂ ಬೇಡ. ಇವೆರಡನ್ನು ಬದಲಾಯಿಸಿಕೊಂಡರೆ ನಿಮ್ಮ ಮಗಳು ಮೂರನೇ ದಿನಕ್ಕೆ ಅಲೆಯ ಮೇಲೆ ನಿಂತಿರುತ್ತಾಳೆ. ನೀವೂ ನಿಲ್ಲಬಹುದು.

ನಾನೂ ಮಡಿಕೇರಿ ಕಡೆಯವನೇ. ಕಡಲು ನೋಡಿದ್ದು ಶಾಲೆಯ ಪ್ರವಾಸದಲ್ಲಿ. ಕರಾವಳಿಗೆ ಬಂದು ಸರ್ಫಿಂಗ್ ಕಲಿತು, ಈಗ ಕಲಿಸುತ್ತಿದ್ದೇನೆ. ಕೊಯ್ಲಿನ ಹೊತ್ತಿಗೆ ಊರಿಗೆ ಓಡಿಬರುತ್ತೇನೆ. ಹಾಗಾಗಿ ನಿಮ್ಮ ಕಷ್ಟ ಯಾವುದು ಅಂತ ನನಗೆ ಗೊತ್ತು. ತೋಟದವರಿಗೆ ಬಿಡುವು ಸಿಗುವುದೇ ಅಪರೂಪ. ಸಿಕ್ಕ ನಾಲ್ಕು ದಿನದಲ್ಲಿ ಎಲ್ಲವನ್ನೂ ನೋಡಿಬಿಡಬೇಕು ಅನ್ನಿಸುತ್ತದೆ.

ಮೇ ಕೊನೆಯಲ್ಲಿ ಅಲೆ ಇರುವುದಿಲ್ಲ ಅಂತಲ್ಲ. ಜಾಸ್ತಿ ಇರುತ್ತದೆ, ಅದಕ್ಕೇ ಬೇಡ ಅನ್ನುತ್ತಿದ್ದೇನೆ. ಮಂಗಳೂರಿನ ಉತ್ತರಕ್ಕಿರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಮೇ ಕೊನೆಯಲ್ಲಿ. 2022ರಲ್ಲಿ ಪಣಂಬೂರಿನಲ್ಲಿ ನಡೆದದ್ದೂ ಅದೇ ಹೊತ್ತಿಗೆ. ಸ್ಪರ್ಧೆಯನ್ನು ಆ ದಿನಗಳಿಗೆ ಇಡುವುದೇ ಮುಂಗಾರಿಗೆ ಮುಂಚಿನ ದೊಡ್ಡ ಅಲೆಗಳಿಗಾಗಿ. ವರ್ಷಗಟ್ಟಲೆ ಕಲಿತವರಿಗೆ ಅದು ಹಬ್ಬ. ಮೊದಲ ಸಲ ಬೋರ್ಡ್ ಹಿಡಿಯುವವರಿಗೆ ಅದು ಬರೀ ಹೊಡೆತ. ಮಗು ಒಂದು ಸಲ ಹೆದರಿದರೆ ಆ ಹೆದರಿಕೆ ಬಿಡಿಸಲು ವರ್ಷ ಬೇಕು. ನಾನು ಇದನ್ನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ.

ಅರಬ್ಬಿ ಸಮುದ್ರದಲ್ಲಿ ಆ ಹೊತ್ತಿಗೆ ಚಂಡಮಾರುತವೂ ಏಳಬಹುದು. 2021ರ ಮೇ ಮಧ್ಯದಲ್ಲಿ ತೌಕ್ತೆ ಬಂದಾಗ ನಮ್ಮ ಕರಾವಳಿಯ ರಸ್ತೆಗಳನ್ನೇ ಕಡಲು ನುಂಗಿತ್ತು. ಇನ್ನೊಂದು ಇದೆ. ಕೇರಳದ ಮೀನುಗಾರರು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎಲ್ಲೋ ಬಿರುಗಾಳಿ ಎದ್ದಿರುತ್ತದೆ. ಅದು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ ಕೆಲವು ದಿನಗಳ ನಂತರ ನಮ್ಮ ದಡ ಮುಟ್ಟುತ್ತವೆ. ಇಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿಯೂ ಇರುವುದಿಲ್ಲ, ನೀರು ಮಾತ್ರ ಮೇಲೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಹೆಚ್ಚು. ಹೈದರಾಬಾದಿನಲ್ಲಿರುವ ಇನ್ಕಾಯಿಸ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಯಾವ ತಿಂಗಳು ಹೋದರೂ ಹೊರಡುವ ಹಿಂದಿನ ದಿನ ಅದನ್ನು ನೋಡಿ. ಎಚ್ಚರಿಕೆ ಇದ್ದರೆ ಕೋಣೆಗೆ ಕೊಟ್ಟ ಮುಂಗಡ ಹೋದರೂ ಪರವಾಗಿಲ್ಲ, ಮನೆಯಲ್ಲೇ ಇರಿ.

ಜೂನ್‌ನಿಂದ ಆಗಸ್ಟ್‌ವರೆಗೆ ಕೇಳುವುದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಮೀನು ಮರಿ ಮಾಡುವ ಕಾಲ ಅನ್ನುವುದು ಅದರ ಮುಖ್ಯ ಕಾರಣ. ಕಡಲು ಕೆರಳಿರುವ ಕಾಲವೂ ಅದೇ.

ಹಾಗಾದರೆ ಯಾವಾಗ? ಕಾಫಿಯ ಲೆಕ್ಕವನ್ನೂ ಕಡಲಿನ ಲೆಕ್ಕವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡೋಣ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಕಡಲೂ ಇಳಿದಿರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತೋ ಇಲ್ಲವೋ, ಸ್ಪ್ರಿಂಕ್ಲರ್ ಹಾಕಬೇಕೋ ಅನ್ನುವ ತಲೆಬಿಸಿ. ಏಪ್ರಿಲ್, ಮೇ ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ. ನಿಮ್ಮ ಮನೆಯವರನ್ನು ಆಗ ಮೈದಾನದಿಂದ ಎಬ್ಬಿಸುವುದು ಸುಲಭ ಅಲ್ಲ ಅಂತ ಬಲ್ಲೆ. ಉಳಿಯುವುದು ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಮುಗಿದ ಮೇಲೆ, ಸುಗ್ಗಿ ಹಬ್ಬ ಪುತ್ತರಿಗೆ ಮುಂಚೆ ಇರುವ ಕೆಲವು ವಾರ. ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಅರೇಬಿಕಾ ಹಣ್ಣು ಆಗತಾನೇ ಕೆಂಪಾಗುತ್ತಿರುತ್ತದೆ. ರೋಬಸ್ಟಾಕ್ಕೆ ಇನ್ನೂ ಸಮಯ ಇರುತ್ತದೆ. ಕಡಲು ಮುಂಗಾರಿನ ಸಿಟ್ಟು ಇಳಿಸಿಕೊಂಡಿರುತ್ತದೆ, ಆದರೆ ಸತ್ತಂತೆ ಮಲಗಿರುವುದಿಲ್ಲ. ಸಾಮಾನ್ಯವಾಗಿ ಸೊಂಟದೆತ್ತರದ ಅಲೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ದೀಪಾವಳಿ ರಜೆಗೆ ಒಂದೆರಡು ದಿನ ಸೇರಿಸಿದರೆ ಮಗಳ ಶಾಲೆಯೂ ತಪ್ಪುವುದಿಲ್ಲ. ಹಿಂಗಾರಿನ ಗುಡುಗು ಮಳೆ ಆಗಾಗ ಬರಬಹುದು. ಅದು ಹೆಚ್ಚಾಗಿ ಸಂಜೆ ಹೊತ್ತಿನದು. ನಿಮ್ಮ ಕೆಲಸ ಬೆಳಿಗ್ಗೆಯದು. ಗುಡುಗು ಕೇಳಿದ ತಕ್ಷಣ ನೀರಿನಿಂದ ಮೇಲೆ ಬನ್ನಿ, ಅಷ್ಟೆ.

ಡಿಸೆಂಬರ್, ಜನವರಿಯಲ್ಲಿ ಅಲೆ ಇನ್ನೂ ಸಣ್ಣದು, ಒಮ್ಮೊಮ್ಮೆ ಮೊಣಕಾಲೆತ್ತರವೂ ಇರುವುದಿಲ್ಲ. ತೀರಾ ಹೆದರುವವರಿಗೆ ಅದೂ ಒಳ್ಳೆಯ ಕಾಲವೇ. ಆದರೆ ಆಗ ನೀವು ಕಣದಲ್ಲಿ ಇರುತ್ತೀರಿ, ಕಾಫಿ ಒಣಗಿಸುತ್ತಾ.

ಇನ್ನು ಊರು. ಮುಲ್ಕಿ ಒಂದೇ ಸಾಕು. ಭಾರತದಲ್ಲಿ ಸರ್ಫಿಂಗ್ ಬೇರು ಬಿಟ್ಟ ಜಾಗಗಳಲ್ಲಿ ಅದು ಮುಖ್ಯವಾದದ್ದು. ಸರ್ಫಿಂಗ್ ಸ್ವಾಮಿ ಅಂತ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ 2004ರಲ್ಲಿ ಅಲ್ಲಿ ಸರ್ಫಿಂಗ್ ಆಶ್ರಮ ಶುರು ಮಾಡಿದರು. ಆಗ ಕಲಿತ ಊರಿನ ಹುಡುಗರು ಮುಂದೆ ಸ್ಪರ್ಧೆ ಗೆದ್ದರು, ಕಲಿಸುವವರಾದರು. ಈಗ ಮುಲ್ಕಿ, ಸಸಿಹಿತ್ಲು ಸುತ್ತ ಕಲಿಸುವವರು ಸಾಕಷ್ಟು ಜನ ಇದ್ದಾರೆ. ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿಲೋಮೀಟರ್. ಅಲ್ಲಿಂದ ಮುಲ್ಕಿಗೆ ಇನ್ನೊಂದು 30. ನಾಪೋಕ್ಲುವಿನಿಂದ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಸಂಪಾಜೆ, ಸುಳ್ಯ, ಪುತ್ತೂರು, ಬಿ.ಸಿ. ರೋಡ್ ದಾಟಿ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ಗೋಕರ್ಣ ಅಂದರೆ ಮುಲ್ಕಿಯಿಂದ ಮತ್ತೆ ಸುಮಾರು 200 ಕಿಲೋಮೀಟರ್. ಅದು ಚೆಂದದ ಊರು, ಬೇರೆ ಸಲ ಹೋಗಿ.

ಒಂದೇ ಕಡೆ ಇರಿ ಅನ್ನುವುದಕ್ಕೆ ದೂರ ಮಾತ್ರ ಕಾರಣ ಅಲ್ಲ. ಪ್ರತಿಯೊಂದು ದಡದ ಅಡಿಯಲ್ಲೂ ಮರಳು ಬೇರೆ ಬೇರೆ ಥರ ಕೂತಿರುತ್ತದೆ. ಅಲೆ ಎಲ್ಲಿ ಒಡೆಯುತ್ತದೆ ಅನ್ನುವುದನ್ನು ಆ ಮರಳೇ ತೀರ್ಮಾನಿಸುತ್ತದೆ. ಅಲೆ ಬರುತ್ತಾ ಬರುತ್ತಾ ನೀರಿನ ಆಳ ಅದರ ಎತ್ತರದ ಒಂದೂಕಾಲು ಪಟ್ಟಿನಷ್ಟಕ್ಕೆ ಇಳಿದಾಗ ಬುಡ ತಡೆದು ತಲೆ ಮುಂದಕ್ಕೆ ಬೀಳುತ್ತದೆ. ಮೊದಲ ದಿನ ನಿಮಗೆ ಕಡಲು ಒಂದೇ ಗದ್ದಲ. ಎರಡನೇ ದಿನ ಅಲ್ಲೊಂದು ಸಾಲು ಕಾಣುತ್ತದೆ. ಮೂರನೇ ದಿನ ಮಗಳೇ ಕೈ ತೋರಿಸಿ ಹೇಳುತ್ತಾಳೆ, ಅಮ್ಮ ಅದು ಬರ್ತಾ ಇದೆ ನೋಡು, ಅಂತ. ಆ ಕಣ್ಣು ಬರಬೇಕಾದರೆ ಅದೇ ದಡದಲ್ಲಿ ದಿನಾ ಕೂರಬೇಕು. ಊರು ಬದಲಾಯಿಸಿದರೆ ಪ್ರತಿದಿನವೂ ಮೊದಲ ದಿನವೇ.

ಈಗ ನದಿಯ ವಿಷಯ. ಕೊಡಗಿನವರಿಗೆ ಇದನ್ನು ಒತ್ತಿ ಹೇಳಬೇಕು. ನಿಮ್ಮ ಮನೆ ಹತ್ತಿರದ ಕಾವೇರಿ ಪೂರ್ವಕ್ಕೆ ಹೋಗುತ್ತಾಳೆ. ಆದರೆ ಬೆಟ್ಟದ ಈಚೆ ಮಗ್ಗುಲಿಗೆ ಬಿದ್ದ ಮಳೆ ಪಶ್ಚಿಮಕ್ಕೆ ಓಡುತ್ತದೆ. ಸಂಪಾಜೆ ಘಾಟಿ ಇಳಿದ ಮೇಲೆ ರಸ್ತೆ ಪಕ್ಕ ಕಾಣುವ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಪುಷ್ಪಗಿರಿ ಕಡೆಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿಗೆ ಬರುತ್ತದೆ. ಮುಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ಕೂಡಿ ಸಮುದ್ರಕ್ಕೆ ಬೀಳುತ್ತವೆ. ಅಳಿವೆ ತಂದು ಹಾಕುವ ಮರಳಿನಿಂದಲೇ ಅಲ್ಲಿ ಒಳ್ಳೆಯ ಅಲೆ. ಅಪಾಯವೂ ಅಲ್ಲೇ. ಘಟ್ಟದಲ್ಲಿ ಜೋರು ಮಳೆ ಬಿದ್ದರೆ ಕೆಂಪು ನೀರು, ಮರದ ತುಂಡು ಎಲ್ಲ ಹೊರಗೆ ನುಗ್ಗುತ್ತವೆ. ಮರಳಿನ ದಿಬ್ಬ ಒಂದೇ ರಾತ್ರಿಯಲ್ಲಿ ಜಾಗ ಬದಲಾಯಿಸುತ್ತದೆ. ನೀರಿನ ಇಳಿತದ ಹೊತ್ತಿಗೆ ನದಿಯ ಸೆಳೆತ ಕಡಲಿನ ಕಡೆ ಎಳೆಯುತ್ತದೆ.

ನಾನು ಕಲಿಯುತ್ತಿದ್ದ ಮೊದಲ ವರ್ಷ ಹೀಗೇ ಸಿಕ್ಕಿಹಾಕಿಕೊಂಡೆ. ಅಳಿವೆಯ ಪಕ್ಕ ನೀರು ನಯವಾಗಿ ಕಾಣುತ್ತಿತ್ತು. ಅಲೆ ಒಡೆಯುತ್ತಿರಲಿಲ್ಲ. ಹೊರಗೆ ಹೋಗಲು ಇದೇ ಸುಲಭ ದಾರಿ ಅಂದುಕೊಂಡು ಒಬ್ಬನೇ ಇಳಿದೆ. ಹತ್ತು ನಿಮಿಷದಲ್ಲಿ ದಡದ ತೆಂಗಿನ ಮರಗಳು ಬೆರಳುದ್ದ ಆದವು. ದಡದ ಕಡೆಗೇ ಕೈ ಬಡಿದೆ, ಬಡಿದೆ, ಒಂದಡಿ ಮುಂದೆ ಹೋಗಲಿಲ್ಲ. ದಡದಲ್ಲಿ ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು ಎರಡೂ ಕೈ ಎತ್ತಿ ಪಕ್ಕಕ್ಕೆ, ಪಕ್ಕಕ್ಕೆ ಅಂತ ಬೀಸಿದರು. ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹೊಡೆದೆ. ಸ್ವಲ್ಪ ದೂರ ಹೋದ ಮೇಲೆ ಸೆಳೆತ ಬಿಟ್ಟಿತು. ಅಲೆ ಒಡೆಯುವ ಜಾಗ ಸಿಕ್ಕಿತು, ಅದೇ ನನ್ನನ್ನು ದಡಕ್ಕೆ ತಂದು ಹಾಕಿತು. ಮಗಳಿಗೆ ಈ ಮೂರನ್ನು ಬಾಯಿಪಾಠ ಮಾಡಿಸಿ. ಅಲೆ ಒಡೆಯದೆ ನಯವಾಗಿ ಕಾಣುವ ಪಟ್ಟಿ ಅಂದರೆ ಸೆಳೆತ. ಸೆಳೆತಕ್ಕೆ ಎದುರಾಗಿ ಈಜಬಾರದು, ಪಕ್ಕಕ್ಕೆ ಹೋಗಬೇಕು. ಬೋರ್ಡ್ ಬಿಡಬಾರದು, ಅದು ತೇಲುತ್ತದೆ.

ಈಜಿನ ಬಗ್ಗೆ ಹೇಳಿದಿರಿ. ಆಳವಿಲ್ಲದ ನೀರಿನಲ್ಲಿ ಕಲಿಯಲು ದೊಡ್ಡ ಈಜುಗಾರರು ಆಗಬೇಕಿಲ್ಲ. ಆದರೆ ಮುಖದ ಮೇಲೆ ನೀರು ಬಿದ್ದಾಗ ಗಾಬರಿಯಾಗದೆ ಐದು ನಿಮಿಷ ತೇಲಲು ಬರಬೇಕು. ಒಂದು ಐವತ್ತು ಮೀಟರ್ ನಿಧಾನಕ್ಕಾದರೂ ಈಜಲು ಬರಬೇಕು. ನಿಮಗೆ ಇನ್ನೂ ಸಮಯ ಇದೆ, ಯಾವುದಾದರೂ ಈಜುಕೊಳದಲ್ಲಿ ಒಂದು ತಿಂಗಳು ಕಲಿಯಿರಿ. ತೋಟದ ಕೆರೆಯಲ್ಲಿ ಒಬ್ಬರೇ ಅಭ್ಯಾಸ ಮಾಡಬೇಡಿ. ಕೆಸರು, ಆಳ, ಕೂಗಿದರೆ ಕೇಳುವವರಿಲ್ಲ. ಅಷ್ಟರೊಳಗೆ ಧೈರ್ಯ ಬರದಿದ್ದರೆ ಬೇಸರ ಬೇಡ. ಶಾಂಭವಿ ನದಿಯ ನಿಂತ ನೀರಿನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ದೊಡ್ಡ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕಬಹುದು. ಅದಕ್ಕೆ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್ ಅನ್ನುತ್ತಾರೆ. ಬ್ಯಾಲೆನ್ಸ್ ಅಲ್ಲೇ ಕಲಿತುಬಿಡುತ್ತೀರಿ.

ಬೋರ್ಡ್ ಕೊಳ್ಳಬೇಡಿ. ಕಲಿಸುವವರೇ ಕೊಡುತ್ತಾರೆ. ಎಂಟು ಒಂಬತ್ತು ಅಡಿ ಉದ್ದದ, ಮೇಲೆ ಮೆತ್ತಗಿರುವ ಫೋಮ್ ಬೋರ್ಡ್ ಕೇಳಿ. ಅಗಲವಾಗಿರುತ್ತದೆ, ಚೆನ್ನಾಗಿ ತೇಲುತ್ತದೆ, ತಲೆಗೆ ತಗುಲಿದರೂ ಪೆಟ್ಟು ಕಡಿಮೆ. ಟಿವಿಯಲ್ಲಿ ಮಗಳು ನೋಡಿದ ಚೂಪು ಮೂತಿಯ ಸಣ್ಣ ಬೋರ್ಡ್ ಬೇರೆಯೇ ಲೋಕ. ಅದನ್ನು ಕೇಳಿ ಅತ್ತರೂ ಕೊಡಿಸಬೇಡಿ. ಬೋರ್ಡಿನ ಹಗ್ಗ, ಅಂದರೆ ಲೀಶ್, ಹಿಂದಿನ ಕಾಲಿಗೆ ಕಟ್ಟುತ್ತಾರೆ. ಅದು ಸವೆದಿದೆಯಾ ಅಂತ ನೀವೇ ಎಳೆದು ನೋಡಿ.

ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸ ಇದೆ. ಚಾಪೆ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ. ಅಂಗೈ ಎರಡನ್ನೂ ಎದೆಯ ಪಕ್ಕ ಊರಿ. ಒಂದೇ ಸಲಕ್ಕೆ ಎದ್ದು, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು, ಮೊಣಕಾಲು ಬಗ್ಗಿಸಿ ನಿಲ್ಲಿ. ಕಣ್ಣು ಎದುರಿನ ಗೋಡೆ ಮೇಲೆ. ಕಾಲು ನೋಡಿದರೆ ಬೀಳುತ್ತೀರಿ. ದಿನಾ ಇಪ್ಪತ್ತು ಸಲ, ಒಂದು ತಿಂಗಳು. ಯಾವ ಕಾಲು ಮುಂದೆ ಬರುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ ಅನ್ನುತ್ತಾರೆ. ಎರಡರಲ್ಲಿ ಮೇಲು ಕೀಳು ಇಲ್ಲ. ಮೊಣಕಾಲಿನ ಮೇಲೆ ಕೂತು ಆಮೇಲೆ ಏಳುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ. ಅದು ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. ನಿಮ್ಮ ವಯಸ್ಸಿನವರಿಗೆ ಭುಜ ಬೇಗ ಸೋಲುತ್ತದೆ. ನೀರಿನಲ್ಲಿ ಸುಮಾರು ಅರ್ಧ ಹೊತ್ತು ಮಾಡುವುದು ಕೈಯಲ್ಲಿ ಹುಟ್ಟು ಹಾಕುವ ಕೆಲಸವೇ. ಹಾಗಾಗಿ ಭುಜಕ್ಕೂ ಸ್ವಲ್ಪ ವ್ಯಾಯಾಮ ಕೊಡಿ.

ಬಟ್ಟೆ ವಿಷಯ ಹೆಣ್ಣುಮಕ್ಕಳು ಕೇಳಲು ಹಿಂಜರಿಯುತ್ತಾರೆ, ಅದಕ್ಕೆ ನಾನೇ ಹೇಳುತ್ತೇನೆ. ತುಂಬು ತೋಳಿನ ರ‍್ಯಾಶ್ ಗಾರ್ಡ್ ಅನ್ನುವ ಈಜಿನ ಅಂಗಿ, ಕೆಳಗೆ ಈಜಿನ ಬಟ್ಟೆಯ ಉದ್ದ ಲೆಗಿಂಗ್ಸ್. ಮೈಗೆ ಅಂಟಿಕೊಂಡಿರಬೇಕು, ಬೇಗ ಒಣಗಬೇಕು. ಹತ್ತಿಯ ಚೂಡಿದಾರ್, ದೊಗಳೆ ಟೀ ಶರ್ಟ್ ಬೇಡವೇ ಬೇಡ. ನೀರು ಕುಡಿದು ಭಾರವಾಗಿ ಕೈಕಾಲು ಹಿಡಿದುಬಿಡುತ್ತವೆ. ಬೋರ್ಡಿಗೆ ಹೊಟ್ಟೆ, ಮೊಣಕಾಲು ಉಜ್ಜಿ ಚರ್ಮ ಕೆಂಪಾಗುವುದನ್ನೂ ಈ ಬಟ್ಟೆ ತಡೆಯುತ್ತದೆ. ನಾವು ಕಾಫಿ ಗಿಡದ ನೆರಳಲ್ಲಿ ಬೆಳೆದವರು. ಕಡಲ ಬಿಸಿಲು ನಮ್ಮ ಚರ್ಮಕ್ಕೆ ಹೊಸದು. ಮುಖ, ಕಿವಿ, ಕತ್ತಿನ ಹಿಂಭಾಗಕ್ಕೆ ಸನ್‌ಸ್ಕ್ರೀನ್ ದಪ್ಪಗೆ ಹಚ್ಚಿ.

ಕಲಿಸುವವರನ್ನು ಆರಿಸುವಾಗ ದರ ಕೇಳುವ ಮೊದಲು ಬೇರೆ ಪ್ರಶ್ನೆ ಕೇಳಿ. ಒಬ್ಬ ಕೋಚ್‌ಗೆ ಎಷ್ಟು ಜನ? ನಾಲ್ಕಕ್ಕಿಂತ ಜಾಸ್ತಿ ಅಂದರೆ ಬೇರೆಯವರನ್ನು ನೋಡಿ. ಅಂತರರಾಷ್ಟ್ರೀಯ ಸರ್ಫಿಂಗ್ ಅಸೋಸಿಯೇಷನ್‌ನ ತರಬೇತಿ ಪತ್ರ, ನೀರಿನಲ್ಲಿ ಜೀವ ಉಳಿಸುವ ತರಬೇತಿ ಇದೆಯಾ? ಕೋಚ್ ನಿಮ್ಮ ಜೊತೆ ನೀರಿನಲ್ಲಿ ಇರುತ್ತಾರಾ, ದಡದಲ್ಲಿ ನಿಂತು ಕೂಗುತ್ತಾರಾ? ಕಡಲು ಸರಿಯಿಲ್ಲದಿದ್ದರೆ ಪಾಠ ರದ್ದು ಮಾಡುತ್ತಾರಾ, ದುಡ್ಡು ಏನಾಗುತ್ತದೆ? ಬಟ್ಟೆ ಬದಲಾಯಿಸಲು ಕೋಣೆ ಇದೆಯಾ? ಬೇಸರ ಮಾಡಿಕೊಳ್ಳದೆ ಉತ್ತರ ಕೊಡುವವರೇ ಒಳ್ಳೆಯವರು.

ದಿನ ಹೀಗಿರಲಿ. ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಬಾಳೆಹಣ್ಣು, ಒಂದು ಲೋಟ ನೀರು. ಕಡುಬು, ಒಟ್ಟಿ ಎಲ್ಲ ಆಮೇಲೆ. ತುಂಬಿದ ಹೊಟ್ಟೆ ಅಡಿಯಾಗಿ ಬೋರ್ಡ್ ಮೇಲೆ ಮಲಗಲು ಆಗುವುದಿಲ್ಲ. ಆರೂವರೆಗೆ ನೀರಿನಲ್ಲಿರಿ. ರಾತ್ರಿ ನೆಲ ತಣ್ಣಗಾಗಿರುವುದರಿಂದ ಆ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅಲೆಯ ಮುಖ ಕನ್ನಡಿಯ ಹಾಗೆ ಇರುತ್ತದೆ. ಹೊತ್ತೇರಿದಂತೆ ನೆಲ ಕಾದು ಗಾಳಿ ತಿರುಗಿ ಕಡಲಿನಿಂದ ಬರುತ್ತದೆ, ಅಲೆ ಮುರಿದು ಚೂರುಚೂರಾಗುತ್ತದೆ. ನಾಪೋಕ್ಲುವಿನಿಂದ ಬೆಳಿಗ್ಗೆ ಹೊರಟು ಬಂದು ಒಂದೇ ದಿನದಲ್ಲಿ ಕಲಿತು ಹೋಗುತ್ತೇವೆ ಅನ್ನುವವರಿಗೆ ಸಿಗುವುದು ಬರೀ ಈ ಮಧ್ಯಾಹ್ನದ ಕಡಲು. ಒಂದೂವರೆ ಗಂಟೆ ಪಾಠ ಸಾಕು. ಆಮೇಲೆ ತಿಂಡಿ, ನಿದ್ದೆ, ಎಳನೀರು. ಮೈಯೆಲ್ಲ ನೋಯುತ್ತದೆ, ಅದು ಸರಿಯಾದ ನೋವು.

ಮೊದಲೆರಡು ದಿನ ಸೊಂಟದ ನೀರಿನಲ್ಲೇ ನಿಂತು, ಒಡೆದು ಬಿಳಿ ನೊರೆಯಾಗಿ ಬರುವ ಅಲೆಯಲ್ಲೇ ಕಲಿಯುವುದು. ಮಗಳು ಹೊರಗಿನ, ಇನ್ನೂ ಒಡೆಯದ ಹಸಿರು ಅಲೆಗೆ ಹೋಗುತ್ತೇನೆ ಅನ್ನುತ್ತಾಳೆ. ಅದನ್ನು ಕೋಚ್ ತೀರ್ಮಾನಿಸಲಿ. ಬಿದ್ದಾಗ ತಲೆ ಮೊದಲು ಹೋಗಬಾರದು, ಅಂಗಾತ ಚಪ್ಪಟೆಯಾಗಿ ಬೀಳಬೇಕು, ಮೇಲೆ ಬರುವಾಗ ಕೈ ತಲೆ ಮುಂದೆ ಇರಬೇಕು. ಜೆಲ್ಲಿಫಿಶ್ ತಗುಲಿ ಉರಿ ಬಂದರೆ ಉಜ್ಜಬೇಡಿ, ಕಡಲ ನೀರಿನಲ್ಲೇ ತೊಳೆದು ಕೋಚ್‌ಗೆ ತೋರಿಸಿ.

ಯಜಮಾನರಿಗೆ ಬೇಜಾರಾಗುವುದಿಲ್ಲ. ಬೆಳಿಗ್ಗೆ ದಡದಲ್ಲಿ ಕೂತು ನಿಮ್ಮಿಬ್ಬರ ಮೇಲೆ ಕಣ್ಣಿಡುವ ಕೆಲಸ ಅವರಿಗೆ ಕೊಡಿ. ನಿಜವಾಗಿಯೂ ಅದು ಬೇಕಾದ ಕೆಲಸ. ಸಂಜೆ ಬಪ್ಪನಾಡು ದೇವಸ್ಥಾನ, ಕಟೀಲು ಹತ್ತಿರವೇ ಇವೆ. ರಾತ್ರಿಗೆ ನೀರುದೋಸೆ, ಮೀನು ಸಾರು.

ನಾಲ್ಕನೇ ದಿನವೂ ಬೆಳಿಗ್ಗೆ ಒಂದು ಗಂಟೆ ಇಳಿಯಿರಿ, ಬಿಡಬೇಡಿ. ಹತ್ತು ಗಂಟೆಯೊಳಗೆ ಸ್ನಾನ ಮುಗಿಸಿ ಹೊರಡಿ. ಕಾರನ್ನು ಯಜಮಾನರೇ ಓಡಿಸಲಿ, ನಿಮ್ಮ ಭುಜ ಸ್ಟೇರಿಂಗ್ ತಿರುಗಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಸುಳ್ಯದಲ್ಲಿ ಊಟ ಮಾಡಿ, ಸಂಪಾಜೆ ಘಾಟಿಯನ್ನು ಮಂಜು ಇಳಿಯುವ ಮೊದಲು ಹತ್ತಿಬಿಡಿ.